ಅವನ ಸರದಿಯ ವಚನ

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ನನ್ನ ಪ್ರೀತಿಯ ಸೊಸೆಗೆ,

ದೇವರ ಸಮಾಧಾನ ನಿನ್ನ ಸಂಗಡ ಇರಲಿ. ಈ ಮನೆಯಲ್ಲಂತೂ ಸದ್ಯಕ್ಕೆ ಅದರ ಸುಳಿವಿಲ್ಲ, ನಿನ್ನ ತವರಿನಲ್ಲಾದರೂ ಇದ್ದರೆ ಸಾಕು. ನಿನ್ನ ಅಪ್ಪ ಅಮ್ಮನಿಗೆ ನಮ್ಮಿಬ್ಬರ ವಂದನೆ ತಿಳಿಸು. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತ ಈ ಮುದುಕಿಯ ಮೇಲೆ ಸಿಟ್ಟು ಬಂದಿದ್ದರೆ ಬರಲಿ, ಅದು ನ್ಯಾಯವೇ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಗೆ ತಲೆಯ ಮೇಲೆ ಬಿದ್ದಿತ್ತು, ಮಂಡಿ ನೋವಿತ್ತು, ಹೀಗೆ ನೆಪ ಎಷ್ಟು ಬೇಕಾದರೂ ಹೇಳಬಹುದು. ನಿಜ ಸಂಗತಿ ಏನೆಂದರೆ, ಬರೆಯಲು ಕೂತಾಗಲೆಲ್ಲ ಏನು ಬರೆಯಬೇಕೆಂದು ತಿಳಿಯದೆ ಕಾಗದ ಹರಿದುಹಾಕುತ್ತಿದ್ದೆ. ಇವತ್ತೂ ತಿಳಿದಿಲ್ಲ. ಆದರೆ ಇವತ್ತು ಹರಿಯುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿ ಕೂತಿದ್ದೇನೆ.

ಮೊದಲು ಸುಲಭದ ಸುದ್ದಿ. ನಿನ್ನ ಮಾವನ ಕಣ್ಣಿನ ಪೊರೆ ಬಲಿತಿದೆ. ಡಾಕ್ಟರು ಆಪರೇಷನ್ ಅಂದರೆ, "ನನ್ನ ಬೀಗಗಳನ್ನ ನಾನು ಬೆರಳಲ್ಲೇ ನೋಡ್ತೀನಿ, ಕಣ್ಣು ಯಾರಿಗೆ ಬೇಕು?" ಅನ್ನುತ್ತಾರೆ. ಬೀಗ ರಿಪೇರಿಗೆ ಬೆರಳು ಸಾಕು, ಸರಿ. ಚಹಾಕ್ಕೆ ಸಾಲುತ್ತದೆಯೇ? ಮೊನ್ನೆ ಸಕ್ಕರೆ ಅಂತ ಉಪ್ಪು ಹಾಕಿಕೊಂಡು ಕುಡಿದು, ಮುಖ ಹುಳ್ಳಗೆ ಮಾಡಿಕೊಂಡು, ನನ್ನ ಚಹಾವೇ ಕೆಟ್ಟಿದೆ ಎಂದರು. ಅಡುಗೆಮನೆಯ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಊರಿನ ಬೀಗವನ್ನೆಲ್ಲ ಸರಿ ಮಾಡುವವರ ಮನೆಯಲ್ಲಿ ಒಂದು ನಲ್ಲಿ ಸರಿಹೋಗುವುದಿಲ್ಲ ನೋಡು. ಕಿಟಕಿಯ ಕುಂಡದಲ್ಲಿ ನೀನು ನೆಟ್ಟ ಗಿಡ ಮೊಗ್ಗು ಬಿಟ್ಟಿದೆ. ನಾನು ನೀರು ಹಾಕಲು ಮರೆತರೂ ಅದು ಬದುಕಿಕೊಂಡಿದೆ, ನಿನ್ನ ಹಾಗೇ ಹಟಮಾರಿ.

ಇನ್ನು ನಿನ್ನ ಗಂಡನ ಸುದ್ದಿ. ನೀನು ಹೋಗುವ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. "ಮಗು ಹೋದ ದಿನದಿಂದ ಇವರು ನನ್ನ ಹತ್ರ ಬಾಯಿಬಿಟ್ಟಿಲ್ಲ ಅತ್ತೆ. ಗೋಡೆ ಜೊತೆ ನಾನೊಬ್ಬಳೇ ಎಷ್ಟು ದಿನ ಅಳಲಿ? ಇವರ ಬಾಯಿಂದ ಒಂದು ಮಾತು ಬಂದ ದಿನ ನಂಗೆ ಬರೀರಿ. ಅವತ್ತೇ ಹೊರಟು ಬರ್ತೀನಿ." ನಾನು ಹೂಂ ಎಂದಿದ್ದೆ. ಅವನು ಒಳಗೆ ಮಂಚದ ಮೇಲೆ ಕೂತು ತನ್ನ ಬೂಟಿನ ದಾರ ಕಟ್ಟುತ್ತಿದ್ದ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಈಗ ಬಂದಿದೆ ಕಣಮ್ಮ. ಅವನ ಬಾಯಿಂದ ಮಾತು ಬಂದಿದೆ. ಅದನ್ನು ಮಾತು ಎಂದು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀನೇ ತೀರ್ಮಾನ ಮಾಡು.

ನೀನು ಕಾಗದದಲ್ಲಿ ಬರೆದಿದ್ದೆಯಲ್ಲ, "ಅತ್ತೆ, ಬೈಬಲ್ ಓದೋದನ್ನ ಮತ್ತೆ ಶುರು ಮಾಡಿ. ಸ್ವಲ್ಪವೇ ಓದಿ, ಆದ್ರೆ ದಿನಾ ಓದಿ. ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ. ಮನಸ್ಸಿಲ್ದಿದ್ರೂ ಕೂತ್ಕೊಳ್ಳಿ, ಮನಸ್ಸು ಹಿಂದಿನಿಂದ ಬರುತ್ತೆ" ಅಂತ. ಓದಿ ನನಗೆ ರೇಗಿಹೋಯಿತು. ಹೊಟ್ಟೆಯಲ್ಲಿ ಹೊತ್ತು ಹೆತ್ತು ಕಳೆದುಕೊಂಡವಳು ನೀನು, ನನಗೆ ಧೈರ್ಯ ಹೇಳುತ್ತಿದ್ದೀಯಲ್ಲ ಅಂತ. ಸಿಟ್ಟು ನಿನ್ನ ಮೇಲಲ್ಲ, ಯಾರ ಮೇಲೆ ಅಂತ ನಿನಗೆ ಗೊತ್ತು. ಆತನ ಮೇಲೆ ಸಿಟ್ಟಿಟ್ಟುಕೊಂಡು ಆತನ ಮಾತನ್ನೇ ದಿನಾ ಕೂತು ಓದು ಅಂದರೆ ಹೇಗೆ? ಮಾತು ಬಿಟ್ಟ ನೆಂಟರ ಮನೆಗೆ ದಿನಾ ಊಟಕ್ಕೆ ಹೋದ ಹಾಗೆ.

ಈ ಓದು ನಮ್ಮ ಮನೆಗೆ ಬಂದದ್ದೇ ನಿನ್ನಿಂದ. ನಾವು ಭಾನುವಾರದ ಕ್ರೈಸ್ತರು. ವೇದಪುಸ್ತಕ ಬೀರುವಿನ ಮೇಲಿತ್ತು, ಅದರ ಮೇಲೆ ಇಸ್ತ್ರಿ ಬಟ್ಟೆ ಇರುತ್ತಿತ್ತು. ಮದುವೆಯಾಗಿ ಬಂದ ಮಾರನೇ ಸಂಜೆ ನೀನು, "ಅತ್ತೆ, ನಿಮ್ಮಲ್ಲಿ ಓದೋದು ಎಷ್ಟು ಹೊತ್ತಿಗೆ?" ಅಂತ ಕೇಳಿದೆ. ನಾನು, "ಏನನ್ನ? ಪೇಪರನ್ನಾ?" ಎಂದೆ. ನಿನ್ನ ಮಾವ ನಕ್ಕದ್ದೇ ನಕ್ಕದ್ದು. ಆಮೇಲೆ ನಿನ್ನ ಅಪ್ಪನ ಮನೆಯ ಪದ್ಧತಿಯನ್ನು ಇಲ್ಲಿ ಹೂಡಿದೆ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಅಧ್ಯಾಯದ ಒಂದೊಂದು ವಚನ. ಒಬ್ಬರ ಸರದಿಯನ್ನು ಇನ್ನೊಬ್ಬರು ಓದುವ ಹಾಗಿಲ್ಲ. ತಡವರಿಸಿದರೆ ಕಾಯಬೇಕು, ಕೆಮ್ಮು ಬಂದರೆ ಕಾಯಬೇಕು. ಒಲೆಯ ಮೇಲೆ ಹಾಲು ಉಕ್ಕಿದರೂ ನಿನ್ನ ಮಾವನ ವಚನ ಮುಗಿಯುವ ತನಕ ನಾನು ಏಳುವ ಹಾಗಿರಲಿಲ್ಲ. ಎಷ್ಟು ಗೊಣಗಿದ್ದೇನೆ ನಿನ್ನ ಮೇಲೆ!

ಆದರೆ ಮೊಮ್ಮಗಳಿಗೆ, ನಮ್ಮ ಬಟಾಣಿಗೆ, ಅಕ್ಷರ ಬಂದ ಮೇಲೆ ನನ್ನ ಗೊಣಗಾಟ ನಿಂತಿತು. ನಿಮ್ಮಿಬ್ಬರ ನಡುವೆ, ನನ್ನ ಹೊಲಿಗೆಯ ದಿಂಬು ಹಾಕಿಕೊಂಡು ಎತ್ತರಕ್ಕೆ ಕೂರುತ್ತಿದ್ದಳು. ಅವಳ ಅಪ್ಪ ತನ್ನ ವಚನ ಮುಗಿಸಿ ಪುಸ್ತಕವನ್ನು ಅವಳ ಕಡೆ ಸರಿಸುತ್ತಿದ್ದ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾ, ಒತ್ತಕ್ಷರ ಬಂದ ಕೂಡಲೇ ಗಕ್ಕನೆ ನಿಂತು ನಿನ್ನ ಮುಖ ನೋಡುತ್ತಿದ್ದಳು. ನೀನು ಮೆಲ್ಲಗೆ ಹೇಳಿಕೊಡುತ್ತಿದ್ದೆ. ತನಗೆ ಮೊದಲೇ ಗೊತ್ತಿತ್ತು ಅನ್ನುವ ಹಾಗೆ ಅದನ್ನು ಜೋರಾಗಿ ಕೂಗುತ್ತಿದ್ದಳು. ಅಪ್ಪಿತಪ್ಪಿ ನಾನು ಹೇಳಿಕೊಟ್ಟರೆ, "ಅಜ್ಜೀ, ನೀವಲ್ಲ, ಅಮ್ಮ!" ಅಂತ ಗದರಿಸುತ್ತಿದ್ದಳು. ಆ ಜ್ವರ ಬಂದು ಅವಳು ಹೋದ ಮೇಲೆ ಪುಸ್ತಕ ಮತ್ತೆ ಬೀರು ಹತ್ತಿತು. ಇಳಿಸಲು ಯಾರಿಗೂ ಕೈ ಬರಲಿಲ್ಲ.

ಆದರೂ ನೀನು ಹೇಳಿದ್ದೀಯಲ್ಲ ಎಂದು ಇಳಿಸಿದೆ. ನನ್ನ ಪಾಡು ಕೇಳು. ಮೊದಲು ಬೆಳಗ್ಗೆ ಓದೋಣ ಎಂದುಕೊಂಡೆ. ಪುಸ್ತಕ ತೆರೆದರೆ ಸಾಕು, ಯಾರೋ ಬಂದು ರವಿಕೆ ಬಿಗಿ ಎನ್ನುವರು, ತೋಳು ಉದ್ದ ಎನ್ನುವರು. ಮಧ್ಯಾಹ್ನಕ್ಕೆ ಬದಲಿಸಿದೆ. ಎರಡು ಸಾಲು ಓದುವುದರಲ್ಲಿ ಪುಸ್ತಕದ ಮೇಲೆಯೇ ಗೊರಕೆ. ವಾರಗಟ್ಟಲೆ ಬಿಟ್ಟುಬಿಟ್ಟು, ಮತ್ತೆ ನಾಚಿಕೆಯಾಗಿ ಹಿಡಿದೆ. ಕೊನೆಗೆ ಚಹಾಕ್ಕೆ ಗಂಟು ಹಾಕಿದೆ. ಅವನು ಡ್ಯೂಟಿ ಮುಗಿಸಿ ಬಂದು ಮುಖ ತೊಳೆದು ಚಹಾ ಕುಡಿಯುತ್ತಾನಲ್ಲ, ಲೋಟ ಕೆಳಗಿಟ್ಟ ತಕ್ಷಣ ಓದು. ಲೋಟ ಇಟ್ಟ ಸದ್ದೇ ನಮ್ಮ ಗಂಟೆ. ಮೊದಲ ದಿನ ಅವನು ಎದ್ದುಹೋಗುತ್ತಾನೆ ಎಂದುಕೊಂಡಿದ್ದೆ. ಹೋಗಲಿಲ್ಲ. ತನ್ನ ಜಾಗದಲ್ಲೇ ಕೂತ. ನಿನ್ನ ಮಾವ ಓದಿದರು, ನಾನು ಓದಿದೆ. ಅವನ ಸರದಿ ಬಂತು. ಕಾದೆವು. ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಅವನು ಪುಸ್ತಕವನ್ನೇ ನೋಡುತ್ತಿದ್ದ, ತುಟಿ ಅಲ್ಲಾಡಲಿಲ್ಲ. ತುಂಬಾ ಹೊತ್ತಾದ ಮೇಲೆ ನಿನ್ನ ಮಾವ "ಮುಂದಕ್ಕೆ" ಎಂದು ಆ ವಚನ ಬಿಟ್ಟು ಅದರ ಮುಂದಿನದನ್ನು ಓದಿದರು.

ದಿನಾ ಹೀಗೆಯೇ. ಅವನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಒಂದು ದಿನವೂ ಓದುತ್ತಿರಲಿಲ್ಲ. ಮೂರಕ್ಕೊಂದು ವಚನ ಬಿಟ್ಟು ಬಿಟ್ಟು ಓದಿದರೆ ಏನಾಗುತ್ತದೆ ಹೇಳು? ಒಂದು ದಿನ ಕುರುಡನ ಕಥೆ ಬಂತು. ಅವನಿಗೆ ಕಣ್ಣು ಬರುವ ವಚನವೇ ನಿನ್ನ ಗಂಡನ ಪಾಲಿಗೆ ಬಂತು. ನಮ್ಮ ಮನೆಯಲ್ಲಿ ಆ ಪಾಪದ ಮನುಷ್ಯ ಇನ್ನೂ ಕುರುಡನಾಗಿಯೇ ಇದ್ದಾನೆ.

ಮನೆಯಲ್ಲಿ ಅವನ ಬಾಯಲ್ಲಿ ಇರುವುದು "ಹೂಂ", "ಬೇಡ", "ಸಾಕು" ಅಷ್ಟೇ. ಬಸ್ಸಿನಲ್ಲಿ ಮಾತ್ರ ದಿನವಿಡೀ ಕೂಗುವ ಗಂಟಲು. ಒಂದು ದಿನ ಅವನ ದನಿ ಕೇಳಲೇಬೇಕು ಅನ್ನಿಸಿ, ಹೊಲಿಗೆ ಬಿಟ್ಟು ಹೋಗಿ ಅವನ ಬಸ್ಸು ಹತ್ತಿ ಹಿಂದೆ ಕೂತೆ. "ಒಳಗೆ ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ" ಅಂತ ಎಷ್ಟು ಚೆನ್ನಾಗಿ ಕೂಗುತ್ತಾನೆ! ಸೆರಗು ಬಾಯಿಗಿಟ್ಟುಕೊಂಡು ಕೇಳಿದೆ. ಟಿಕೆಟ್ ಹರಿಯುತ್ತಾ ಬಂದವನು ತಲೆ ಎತ್ತದೆ, "ಎಲ್ಲಿಗೆ?" ಎಂದ. ಆಮೇಲೆ ನನ್ನನ್ನು ನೋಡಿದ. ಮಗು ಹೋದ ಮೇಲೆ ಅವನು ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ. ಎಲ್ಲಿಗೆ ಅಂತ ನನಗೂ ಗೊತ್ತಿರಲಿಲ್ಲ. ಒಂದು ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋದ.

ಈಗ ಆ ದಿನಕ್ಕೆ ಬರುತ್ತೇನೆ. ಚರ್ಚಿನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಭಾಗ ಅಚ್ಚಾಗಿರುತ್ತದಲ್ಲ, ಸಭೆಯವರೆಲ್ಲ ಅದನ್ನೇ ಓದುತ್ತೇವೆ. ಹೋದ ತಿಂಗಳ ಕೊನೆಗೆ ಮುಂದೆ ಏನಿದೆ ಎಂದು ಕಣ್ಣಾಡಿಸಿದೆ. ನೋಡಿದರೆ, ಹಳೆ ಒಡಂಬಡಿಕೆಯ ಆ ಅರಸನ ಮಗು ಕಾಯಿಲೆ ಬಿದ್ದು ಸಾಯುವ ಭಾಗ. ನೆಲದ ಮೇಲೆ ಬಿದ್ದುಕೊಂಡು, ಊಟ ಬಿಟ್ಟು, ಮಗುವಿಗಾಗಿ ಬೇಡಿಕೊಂಡನಲ್ಲ, ಅದು. ನಿನ್ನ ಮಾವನ ಹತ್ತಿರ ಹೋಗಿ, "ರೀ, ಗುರುವಾರದ್ದನ್ನ ಬಿಟ್ಬಿಡೋಣ" ಎಂದೆ.

"ಬಿಡೋಕೆ ಅದೇನು ನಿನ್ನ ಬಟ್ಟೆ ತುಂಡಾ, ಬೇಡದ್ದನ್ನ ಕತ್ತರಿಸಿ ಎಸಿಯೋಕೆ?" ಎಂದರು. "ಇಷ್ಟ ಬಂದಿದ್ದನ್ನ ಓದ್ಕೊಂಡು ಕಷ್ಟದ್ದನ್ನ ಬಿಟ್ರೆ ಅದು ಓದೇ ಅಲ್ಲ. ಸೊಸೆ ಏನು ಹೇಳ್ಕೊಟ್ಟಿದ್ಲು?"

ಈ ಮನುಷ್ಯನ ಮುಂದೆ ಹೇಳಿ ಪ್ರಯೋಜನವಿಲ್ಲ ಎಂದು ಹೊಲಿಗೆ ಮೇಜಿನ ಮೇಲೆ ಗುಂಡಿಗಳನ್ನು ಸಾಲಾಗಿ ಇಟ್ಟೆ. ಬಿಳಿ ಗುಂಡಿ ಅವರು, ಕಪ್ಪು ನಾನು, ನೀಲಿ ಅವನು. ವಚನಕ್ಕೊಂದು ಗುಂಡಿ ಇಡುತ್ತಾ ಹೋದೆ. ಎಲ್ಲಕ್ಕಿಂತ ಕಠಿಣವಾದ ವಚನ, ಮಗು ತೀರಿಹೋದ ಮೇಲೆ ಅರಸ ಎದ್ದು ಹೇಳುವ ಮಾತು, ನೀಲಿ ಗುಂಡಿಗೇ ಬಂತು. ಅವನು ಓದುವುದಿಲ್ಲ, ನಿಜ. ಆದರೆ ಆ ಸಾಲನ್ನು ಕಣ್ಣ ಮುಂದಿಟ್ಟುಕೊಂಡು ಕೂರಬೇಕಲ್ಲ, ನಾವು ಅವನ ಬಾಯನ್ನೇ ನೋಡುತ್ತಾ ಕಾಯಬೇಕಲ್ಲ. ಹೆತ್ತ ಕರುಳು ಒಪ್ಪುವುದೇ? ಮೂವರ ಬದಲು ನಾಲ್ವರಾದರೆ? ಇನ್ನೊಂದು ಬಣ್ಣದ ಗುಂಡಿ ಸೇರಿಸಿ ನೋಡಿದೆ. ಆ ವಚನ ನಿನ್ನ ಮಾವನಿಗೆ ಹೋಯಿತು. ಅಬ್ಬಾ, ಎಂದುಕೊಂಡೆ. ಕಷ್ಟದ್ದನ್ನ ಬಿಡಬಾರದು ಅಂದವರೇ ಓದಲಿ.

ಚರ್ಚಿನ ಗಂಟೆ ಅಜ್ಜನನ್ನು ಗುರುವಾರ ಚಹಾಕ್ಕೆ ಕರೆದೆ. ಅಷ್ಟು ವರ್ಷ ಗಂಟೆ ಹೊಡೆದು ಹೊಡೆದು ಅವರ ಕಿವಿ ಹೋಗಿದ್ದು ನಿನಗೆ ಗೊತ್ತೇ ಇದೆ. ಎಡಗಿವಿ ಸ್ವಲ್ಪ ಕೇಳಿಸುತ್ತದೆ ಅಂತ ನಿನ್ನ ಮಾವನಿಗೆ ಒತ್ತಿಕೊಂಡು, ಅವರಿಗೂ ನನಗೂ ನಡುವೆ ಕೂತರು. ಲೋಟ ಕೆಳಗಿಟ್ಟ ಸದ್ದಾಯಿತು. ನಿನ್ನ ಮಾವ ಶುರು ಮಾಡಿದರು. ಗಂಟೆ ಅಜ್ಜ ತಮ್ಮ ವಚನವನ್ನು ಬೀದಿಗೆಲ್ಲ ಕೇಳುವ ಹಾಗೆ ಓದಿದರು. ನಾನು ಓದಿದೆ. ಅವನ ಸರದಿಗೆ ಕಾದೆವು, ಬಿಟ್ಟೆವು. ಎಲ್ಲ ನನ್ನ ಗುಂಡಿಗಳ ಪ್ರಕಾರವೇ ನಡೆಯುತ್ತಿತ್ತು. ಮತ್ತೆ ನಿನ್ನ ಮಾವನ ಸರದಿ ಬಂತು. ಅವರು ಒಂದು ವಚನ ಓದಿದರು, ನಿಲ್ಲಲಿಲ್ಲ. ಅದಕ್ಕೆ ಅಂಟಿಸಿಕೊಂಡು ಇನ್ನೊಂದನ್ನೂ ಓದಿಬಿಟ್ಟರು!

"ರೀ, ಒಂದು ಜಾಸ್ತಿ ಆಯ್ತು" ಎಂದೆ. ಅವರು ಕೇಳಿಸದವರ ಹಾಗೆ ಕನ್ನಡಕ ಒರೆಸತೊಡಗಿದರು. ಅಷ್ಟರಲ್ಲಿ ಗಂಟೆ ಅಜ್ಜ ತಮ್ಮದನ್ನು ಗುಡುಗಿ ಆಗಿತ್ತು. ನನ್ನ ಸರದಿ ಬಂತು. ನನ್ನ ಮುಂದಿನದೇ ಅವನದು, ಅದೇ ವಚನ. ನಾನೂ ಎರಡು ಓದಿಬಿಡೋಣ, ಯಾರು ಏನು ಬೇಕಾದರೂ ಅಂದುಕೊಳ್ಳಲಿ ಎಂದು ಒಂದೇ ಉಸಿರಿಗೆ ಹೊರಟೆ. ಆದರೆ ನನ್ನ ಪಾಲಿಗೆ ಬಂದದ್ದೂ ಸುಮ್ಮನೆಯದಲ್ಲ. ಮಗು ಜೀವದಿಂದಿರುವ ತನಕ ಉಪವಾಸವಿದ್ದು ಕಣ್ಣೀರಿಟ್ಟೆ, ಯಾರಿಗೆ ಗೊತ್ತು, ದೇವರು ಕರುಣಿಸಿ ಉಳಿಸಿದರೂ ಉಳಿಸಬಹುದು ಎಂದುಕೊಂಡೆ ಅನ್ನುವ ಮಾತು. ಆಸ್ಪತ್ರೆಯ ಆ ಉದ್ದನೆಯ ಬೆಂಚು ನೆನಪಾಯಿತು. ನೀನು ನನ್ನ ಮಡಿಲಲ್ಲಿ ತಲೆಯಿಟ್ಟು ಇದೇ ಮಾತನ್ನು ಹೇಳಿದ್ದು ನೆನಪಾಯಿತು. ನನ್ನ ವಚನ ಹೇಗೋ ಮುಗಿಯಿತು. ಮುಂದಿನದಕ್ಕೆ ಬಾಯಿ ತೆರೆದೆ, ದನಿ ಹೊರಡಲಿಲ್ಲ.

ಆಗ ಅವನು ಓದಿದ.

ಬಸ್ಸಿನ ದನಿಯಲ್ಲ. ಮದುವೆಗೆ ಮುಂಚಿನ, ಹುಡುಗನಾಗಿದ್ದಾಗಿನ ದನಿ. ಈಗ ಅದು ಸತ್ತಿದೆ, ನಾನೇಕೆ ಉಪವಾಸವಿರಲಿ, ಅದನ್ನು ಮರಳಿ ತರಲು ನನ್ನಿಂದ ಆದೀತೇ, ನಾನೇ ಅದರ ಹತ್ತಿರ ಹೋಗಬೇಕಲ್ಲದೆ ಅದು ನನ್ನ ಹತ್ತಿರ ತಿರುಗಿ ಬರುವುದಿಲ್ಲ ಎಂದು ಆ ಅರಸ ಹೇಳುತ್ತಾನಲ್ಲ, ಅಷ್ಟನ್ನೂ ಒಂದು ಅಕ್ಷರ ಬಿಡದೆ ಓದಿದ. ಅವನ ದನಿ ಕೇಳಿದರೆ ಸಾಕು ಎಂದು ಎಷ್ಟು ಬೇಡಿಕೊಂಡಿದ್ದೆ ನಾನು! ಬೇಡಿಕೊಂಡೆಯಲ್ಲ, ತಗೋ, ಎಂದು ದೇವರೇ ಅಂದ ಹಾಗಾಯಿತು. ನಿನ್ನ ಮಾವ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಿದ್ದರು.

"ಈಗ ಯಾರ ಸರದಿ?" ಎಂದರು ಗಂಟೆ ಅಜ್ಜ. ಪಾಪ, ಅವರಿಗೆ ಏನೂ ಕೇಳಿಸಿರಲಿಲ್ಲ.

ಸರದಿ ನಿನ್ನ ಮಾವನದು. ಅದರ ಮುಂದೆ ಏನಿದೆ ಎಂದು ನಿನಗೆ ಗೊತ್ತಲ್ಲ. ಆ ಅರಸ ಎದ್ದು ತನ್ನ ಹೆಂಡತಿಯ ಬಳಿಗೆ ಹೋಗಿ ಅವಳನ್ನು ಸಮಾಧಾನ ಮಾಡುತ್ತಾನೆ. ಅದನ್ನು ಓದಲು ನಿನ್ನ ಮಾವನಿಗೆ ಆಗಲಿಲ್ಲ. ಕನ್ನಡಕ ತೆಗೆದಿಟ್ಟು ಎದ್ದುಹೋದರು. ಇನ್ನೊಬ್ಬರ ಸರದಿಯನ್ನು ಯಾರೂ ಓದುವ ಹಾಗಿಲ್ಲವಲ್ಲ. ಆ ವಚನ ಅಲ್ಲೇ ಉಳಿಯಿತು.

ಮಾರನೇ ಬೆಳಗ್ಗೆ ನಿನ್ನ ಮಾವ ಗಡ್ಡ ಕೆರೆಯುತ್ತಾ, ಕನ್ನಡಿಯಲ್ಲೇ ನನ್ನನ್ನು ನೋಡಿ, "ನಿನ್ನೆ ನಾನು ಕಣ್ಣು ತಪ್ಪಿ ಎರಡು ಓದಿದ್ದಲ್ಲ" ಎಂದರು. ಅವರೂ ಅಂಗಡಿಯಲ್ಲಿ ಕೀಲಿಗಳನ್ನು ಸಾಲಾಗಿಟ್ಟು ಲೆಕ್ಕ ಹಾಕಿದ್ದರಂತೆ. ಮೂವರು ಕೂತರೆ ಅವನಿಗೇ ಬರುತ್ತದೆ, ತಾನು ಎರಡು ಓದಿದರೆ ಅದು ಅವಳಿಗೆ, ಅಂದರೆ ನನಗೆ, ಹೋಗುತ್ತದೆ, ಅವಳು ಗಟ್ಟಿಗಿತ್ತಿ, ಓದುತ್ತಾಳೆ ಅಂತ. ನಾನು ಗುಂಡಿಗಳ ಕಥೆ ಹೇಳಿದೆ. "ಅಯ್ಯೋ ಮಾರಾಯ್ತಿ, ನಂಗೊಂದು ಮಾತು ಹೇಳ್ಬಾರದಿತ್ತಾ?" ಎಂದರು. "ನೀವು ಹೇಳಿದ್ರಾ?" ಎಂದೆ. ಅವರು ತಪ್ಪಿಸಿದ್ದನ್ನು ನಾನು ಕೆಡಿಸಿದೆ, ನಾನು ತಪ್ಪಿಸಿದ್ದನ್ನು ಅವರು ಕೆಡಿಸಿದರು. ಇಬ್ಬರೂ ಸೇರಿ ಆ ವಚನವನ್ನು ಮಗನ ಬಾಯಿಗೇ ತಂದಿಟ್ಟೆವು. ಸೋಪಿನ ಮುಖದಲ್ಲೇ ಅವರು ಅತ್ತರು. ನನಗೆ ನಗುವೋ ಅಳುವೋ ತಿಳಿಯದೆ ಅಲ್ಲೇ ಸ್ಟೂಲಿನ ಮೇಲೆ ಕುಸಿದೆ.

ಇಷ್ಟು ನಡೆದದ್ದು. ಅವನು ಡ್ಯೂಟಿಗೆ ಹೋಗುತ್ತಿದ್ದಾನೆ. ಮನೆಯಲ್ಲಿ ಮತ್ತೆ ಅದೇ ಹೂಂ, ಬೇಡ, ಸಾಕು. ದೇವರು ಕಿವಿಗೊಟ್ಟನೋ, ಕಿವಿ ಹಿಂಡಿದನೋ, ನನ್ನ ಬುದ್ಧಿಗೆ ನಿಲುಕುವುದಿಲ್ಲ. ಆದರೂ ಓದು ನಿಲ್ಲಿಸಿಲ್ಲ ಕಣೇ. ನಂಬಿಕೆಯಿಂದ ಅಂತ ತಿಳಿಯಬೇಡ. ಲೋಟ ಕೆಳಗಿಟ್ಟ ಸದ್ದಾದರೆ ಈಗ ಕೈ ತಾನಾಗಿ ಪುಸ್ತಕದ ಕಡೆ ಹೋಗುತ್ತದೆ. ಮನಸ್ಸು ಹಿಂದಿನಿಂದ ಬರುತ್ತೆ ಅಂದೆಯಲ್ಲ, ನನ್ನದು ಇನ್ನೂ ದಾರಿಯಲ್ಲೇ ಎಲ್ಲೋ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅಮ್ಮನ ಎದುರಿಗೆ ಅಳಲು ಸಂಕೋಚಪಡಬೇಡ, ಅದಕ್ಕೇ ಇರುವುದು ತಾಯಿ. ಕರ್ತನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ. ಬರುವಿಕೆಯನ್ನು ಸ್ವಲ್ಪ ಹೆಚ್ಚಾಗಿ ಕಾಯಲಿ ಎಂದು ನಾನು ಸೇರಿಸಿದ್ದೇನೆ, ತಪ್ಪಾದರೆ ಆತನೇ ಕ್ಷಮಿಸಲಿ.

ನಿನ್ನ ದಾರಿ ನೋಡುತ್ತಿರುವ,
ಅತ್ತೆ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಒಂದನ್ನು ಬಚ್ಚಿಟ್ಟಿದ್ದೆ, ನಿನ್ನಿಂದ ತಡೆದುಕೊಳ್ಳಲಾಗದೇನೋ ಎಂದು. ಆ ಗುರುವಾರದ ಮಾರನೇ ದಿನದಿಂದ ಅವನು ತನ್ನ ವಚನ ಓದುತ್ತಾನೆ. ಓದಿ, ಪುಸ್ತಕವನ್ನು ಪಕ್ಕದ ಅವಳ ಖಾಲಿ ಕುರ್ಚಿಯ ಕಡೆ ಸ್ವಲ್ಪ ಸರಿಸುತ್ತಾನೆ. ಮುಂದಿನ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ನಮ್ಮ ಬಟಾಣಿ ಓದುವ ಹಾಗೆಯೇ ಓದುತ್ತಾನೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ನಿಂತು ನಿನ್ನ ಕುರ್ಚಿಯ ಕಡೆ ನೋಡುತ್ತಾನೆ. ಮೊದಲ ದಿನ ನಾನು ತಡೆಯಲಾರದೆ ಆ ಶಬ್ದ ಹೇಳಿಕೊಟ್ಟೆ. ಇಲ್ಲ ಎಂದು ತಲೆಯಾಡಿಸಿದ. ನಿನ್ನ ಮಾವನಿಗೆ "ಮುಂದಕ್ಕೆ" ಅನ್ನಲು ಬಾಯಿ ಬರುವುದಿಲ್ಲ. ದೀಪ ಹಾಕುವ ಹೊತ್ತಾಗುವ ತನಕ ಮೂವರೂ ಹಾಗೇ ಕೂತಿರುತ್ತೇವೆ. ಆಮೇಲೆ ಅವನು ಪುಸ್ತಕ ಮುಚ್ಚುತ್ತಾನೆ. ಬಾ ಎಂದು ಬರೆಯಲು ನನಗೆ ಧೈರ್ಯ ಸಾಲದು, ಬರಬೇಡ ಎನ್ನಲೂ ಸಾಲದು. ನಿನ್ನೆ ಅವನು ನಿಂತ ಶಬ್ದ ತೀರಾ ಸುಲಭದ್ದು ಕಣಮ್ಮ, ಅವಳಿಗೂ ಅದು ಬರುತ್ತಿತ್ತು.